ನೇಟ್ರಾನ್: ಎಲ್ಲಿಗೂ ಹರಿದು ಹೋಗದ ನೀರು

(ನಮ್ಮೂರಿನ ಗ್ರಂಥಾಲಯದ ಭಾನುವಾರದ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆ ಮೇಲಿರುವ ಈ ಚಿತ್ರ ಉಪಗ್ರಹದಿಂದ ತೆಗೆದದ್ದು. ಗಾಢ ಕೆಂಪು, ಅಂಚಿನಲ್ಲಿ ಕಿತ್ತಳೆ, ನಡುನಡುವೆ ಬಿಳಿ ಗೆರೆಗಳು. ಇದು ನೀರು ಅಂತ ಮೊದಲ ನೋಟಕ್ಕೆ ಯಾರೂ ಹೇಳುವುದಿಲ್ಲ. ಆದರೆ ಇದು ಸರೋವರವೇ. ಹೆಸರು ನೇಟ್ರಾನ್. ಟಾಂಜಾನಿಯಾದ ಉತ್ತರದ ತುದಿಯಲ್ಲಿದೆ, ಕೀನ್ಯಾದ ಗಡಿಗೆ ಅಂಟಿಕೊಂಡಂತೆ.

ವಿಷಯಕ್ಕೆ ಬರುವ ಮೊದಲು ಒಂದು ಮಾತು. ನಿಮ್ಮಲ್ಲಿ ಹಲವರು ಈ ಸರೋವರದ ಹೆಸರನ್ನು ವಾಟ್ಸ್ಆ್ಯಪ್‌ನಲ್ಲಿ ನೋಡಿರುತ್ತೀರಿ. "ಮುಟ್ಟಿದ ಪ್ರಾಣಿಗಳೆಲ್ಲ ಕಲ್ಲಾಗುವ ಸರೋವರ" ಅಂತ ಫೋಟೋಗಳ ಸಮೇತ ಬರುತ್ತದೆ. ಆ ಫೋಟೋಗಳು 2013ರಲ್ಲಿ ಪ್ರಪಂಚದ ತುಂಬ ಓಡಾಡಿದವು. ಕಲ್ಲಿನಂತಾದ ಹದ್ದು, ಕಲ್ಲಿನಂತಾದ ಬಾವಲಿ, ಕೊಂಬೆಯ ಮೇಲೆ ಕೂತ ಹಾಗೆ. ಅಲ್ಲಿ ನಡೆದದ್ದು ಇಷ್ಟು. ದಡದಲ್ಲಿ ಸತ್ತುಬಿದ್ದು, ಮೈಗೆ ಉಪ್ಪು ಹತ್ತಿ ಒಣಗಿ ಗಟ್ಟಿಯಾದ ದೇಹಗಳನ್ನು ಛಾಯಾಗ್ರಾಹಕರು ಎತ್ತಿ, ಜೀವ ಇರುವ ಹಾಗೆ ಕೂರಿಸಿ ಫೋಟೋ ತೆಗೆದಿದ್ದರು. ಅವರೇ ಅದನ್ನು ಹೇಳಿಯೂ ಇದ್ದರು. ಫೋಟೋ ಹರಡಿತು, ಆ ಮಾತು ಹರಡಲಿಲ್ಲ. ಅಲ್ಲಿನ ಉಪ್ಪು ದೇಹವನ್ನು ಕೊಳೆಯಲು ಬಿಡುವುದಿಲ್ಲ ಅನ್ನುವುದಂತೂ ನಿಜ. ಹಳೆಯ ಈಜಿಪ್ಟಿನವರು ಮಮ್ಮಿಗಳನ್ನು ಒಣಗಿಸಲು ಬಳಸುತ್ತಿದ್ದದ್ದೂ ಇದೇ ಜಾತಿಯ ಉಪ್ಪು. ಅದನ್ನೇ ನೇಟ್ರಾನ್ ಅನ್ನುತ್ತಾರೆ. ಆದರೆ ಬದುಕಿರುವ ಹಕ್ಕಿ ನೀರು ಮುಟ್ಟಿದ ಕೂಡಲೇ ಕಲ್ಲಾಗುತ್ತದೆ ಅನ್ನುವುದು ಶುದ್ಧ ಸುಳ್ಳು. ಈ ಸುಳ್ಳು ನನಗೆ ಬೇಸರ ತರಿಸುವುದಕ್ಕೆ ಕಾರಣ ಇದೆ. ಲೆಸ್ಸರ್ ಫ್ಲೆಮಿಂಗೊ ಅಂತ ಉದ್ದ ಕಾಲಿನ ಗುಲಾಬಿ ಹಕ್ಕಿ ಇದೆ. ಪ್ರಪಂಚದಲ್ಲಿ ಅಂಥ ಪ್ರತಿ ನಾಲ್ಕು ಹಕ್ಕಿಗಳಲ್ಲಿ ಮೂರು ಹುಟ್ಟುವುದು ಇದೇ ನೀರಿನಲ್ಲಿ. ಅಂಥ ಜಾಗವನ್ನು ಸಾವಿನ ಸರೋವರ ಅಂತ ಕರೆದರೆ ಹೇಗೆ?

ಈಗ ನಕ್ಷೆ ನೋಡೋಣ.

ಆಫ್ರಿಕಾದ ಪೂರ್ವ ಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ನೆಲ ಸೀಳುತ್ತಿದೆ. ಇದನ್ನು ರಿಫ್ಟ್ ವ್ಯಾಲಿ, ಸೀಳು ಕಣಿವೆ ಅನ್ನುತ್ತೇವೆ. ಇಥಿಯೋಪಿಯಾದಿಂದ ಕೀನ್ಯಾ ದಾಟಿ ಟಾಂಜಾನಿಯಾಕ್ಕೆ ಇಳಿಯುವ ಪೂರ್ವದ ಕವಲಿಗೆ ಗ್ರೆಗರಿ ರಿಫ್ಟ್ ಅಂತ ಹೆಸರು. 1893ರಲ್ಲಿ ಇಲ್ಲಿ ಓಡಾಡಿದ ಜಾನ್ ವಾಲ್ಟರ್ ಗ್ರೆಗರಿ ಎಂಬ ಭೂವಿಜ್ಞಾನಿಯ ಹೆಸರದು. ಎರಡೂ ಕಡೆ ನೆಲ ದೂರ ಸರಿಯುತ್ತಾ ಹೋದಂತೆ ನಡುವಿನ ಭಾಗ ಕುಸಿಯುತ್ತದೆ. ಕುಸಿದ ತಳದಲ್ಲಿ ನೀರು ನಿಲ್ಲುತ್ತದೆ. ಬೊಗೋರಿಯಾ, ನಕುರು, ಎಲ್ಮೆಂಟೈಟಾ, ಮಾಗಡಿ, ನೇಟ್ರಾನ್, ಮನ್ಯಾರಾ ಎಲ್ಲವೂ ಇದೇ ಸೀಳಿನ ತಳದಲ್ಲಿ ಸಾಲಾಗಿ ಇರುವ ಕ್ಷಾರದ ಸರೋವರಗಳು. (ಕೀನ್ಯಾದ ಈ ಮಾಗಡಿಗೂ ಬೆಂಗಳೂರಿನ ಪಕ್ಕದ ಮಾಗಡಿಗೂ ಸಂಬಂಧವಿಲ್ಲ. ಯಾರಾದರೂ ಕೇಳಿಯೇ ಕೇಳುತ್ತಾರೆ ಅಂತ ಮೊದಲೇ ಹೇಳಿಬಿಡುತ್ತಿದ್ದೇನೆ.)

ನೇಟ್ರಾನ್ ಸುಮಾರು 57 ಕಿ.ಮೀ. ಉದ್ದ, ಅಗಲ ಹೆಚ್ಚೆಂದರೆ 22 ಕಿ.ಮೀ. ಇಷ್ಟು ದೊಡ್ಡದಾದರೂ ಆಳ ಮೂರು ಮೀಟರೂ ಇಲ್ಲ. ಬಹಳ ಕಡೆ ಮೊಣಕಾಲಿನಷ್ಟು ನೀರು, ಅಷ್ಟೇ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಸುತ್ತಲಿನ ಎತ್ತರದ ಪ್ರದೇಶಗಳಿಗೆ ಹೋಲಿಸಿದರೆ ಇದು ತೀರಾ ತಗ್ಗು. ಪಶ್ಚಿಮಕ್ಕೆ ಕಣಿವೆಯ ಗೋಡೆ ಎದ್ದು ನಿಂತಿದೆ. ಆಗ್ನೇಯಕ್ಕೆ ಗೆಲಾಯ್ ಎಂಬ ಆರಿದ ಜ್ವಾಲಾಮುಖಿ, ಉತ್ತರಕ್ಕೆ ಶೊಂಪೋಲೆ ಬೆಟ್ಟ, ದಕ್ಷಿಣಕ್ಕೆ ಇನ್ನೂ ಉಸಿರಾಡುತ್ತಿರುವ ಓಲ್ ಡೋನ್ಯೊ ಲೆಂಗಾಯ್. ಈ ತಗ್ಗಿನಲ್ಲಿ ಹಗಲಿನ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಮಳೆ ಸರಿಯಾಗಿ ಬರುವುದಿಲ್ಲ. ಬಂದರೂ, ಆವಿಯಾಗಿ ಹೋಗುವ ನೀರಿನ ಮುಂದೆ ಅದು ಏನೇನೂ ಸಾಲದು.

ನೀರು ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಒಂದೇ ನದಿಯಿಂದ. ಅದರ ಹೆಸರು ದಕ್ಷಿಣ ಎವಾಸೊ ಎನ್‌ಗಿರೊ. ಕೀನ್ಯಾದ ಮಾವ್ ಎತ್ತರದ ಕಾಡುಗಳಲ್ಲಿ ಹುಟ್ಟಿ, ಕಣಿವೆಗೆ ಇಳಿದು, ಶೊಂಪೋಲೆಯ ಹತ್ತಿರ ಜೌಗಿನಲ್ಲಿ ಹರಡಿಕೊಂಡು, ಆಮೇಲೆ ಗಡಿ ದಾಟಿ ಸರೋವರ ಸೇರುತ್ತದೆ. ಪಶ್ಚಿಮದ ಗೋಡೆಯಿಂದ ಪೆನಿಂಜ್, ಎಂಗಾರೆ ಸೆರೊ ಮುಂತಾದ ಸಣ್ಣ ಹೊಳೆಗಳು ಬರುತ್ತವೆ. ಅಂಚಿನ ಸುತ್ತ ಬಿಸಿನೀರಿನ ಬುಗ್ಗೆಗಳಿವೆ. ನೀರು ಹೊರಗೆ ಹೋಗುವ ದಾರಿ? ಇಲ್ಲವೇ ಇಲ್ಲ. ಒಂದು ಕಾಲುವೆಯೂ ಇಲ್ಲ, ಒಂದು ತೋಡೂ ಇಲ್ಲ. ಬಂದ ನೀರು ಮೇಲಕ್ಕೆ, ಆವಿಯಾಗಿ ಮಾತ್ರ ಹೋಗಬೇಕು.

ಇವತ್ತಿನ ನನ್ನ ಮಾತಿನ ತಿರುಳು ಇದೇ. ಸಮುದ್ರ ಸೇರುವ ನದಿ ತಾನು ಹೊತ್ತು ತಂದದ್ದನ್ನು ಸಮುದ್ರಕ್ಕೆ ಸುರಿದು ಕೈ ತೊಳೆದುಕೊಳ್ಳುತ್ತದೆ. ನೇಟ್ರಾನಿಗೆ ಆ ಅವಕಾಶವಿಲ್ಲ. ಮೇಲಿನಿಂದ ಏನು ಬಂದರೂ ಅಲ್ಲೇ ಉಳಿಯುತ್ತದೆ. ಉಪ್ಪು ಉಳಿಯುತ್ತದೆ, ಹೂಳು ಉಳಿಯುತ್ತದೆ. ನೀರು ಜಾಸ್ತಿ ಬಂದರೆ ಅದರ ಪರಿಣಾಮ ಅಲ್ಲೇ, ಕಮ್ಮಿ ಬಂದರೂ ಅಲ್ಲೇ. ಆದ್ದರಿಂದ ನೇಟ್ರಾನನ್ನು ಅರ್ಥ ಮಾಡಿಕೊಳ್ಳಲು ಸರೋವರವನ್ನು ಮಾತ್ರ ನೋಡಿದರೆ ಆಗುವುದಿಲ್ಲ, ಅದಕ್ಕೆ ಬರುವ ನೀರಿನ ಹಾದಿಯನ್ನೆಲ್ಲ ನೋಡಬೇಕು.

ಅಲ್ಲಿನ ಉಪ್ಪು ನಮ್ಮ ಅಡುಗೆ ಉಪ್ಪಲ್ಲ. ಬಹುಪಾಲು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ. ಜೊತೆಗೆ ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ. ಇವೆರಡೂ ಕೂಡಿದ ಹರಳಿಗೆ ಟ್ರೋನಾ ಅನ್ನುತ್ತಾರೆ. ಸಮುದ್ರದ ನೀರು ಆವಿಯಾದರೆ ಅಡುಗೆ ಉಪ್ಪು ಉಳಿಯುತ್ತದೆ, ಇಲ್ಲಿ ಯಾಕೆ ಸೋಡಾ? ಉತ್ತರ ಕಲ್ಲುಗಳಲ್ಲಿದೆ. ಸುತ್ತಲಿನ ಬೆಟ್ಟಗಳೆಲ್ಲ ಜ್ವಾಲಾಮುಖಿ ಉಗುಳಿದ, ಸೋಡಿಯಂ ಜಾಸ್ತಿ ಇರುವ ಕಲ್ಲುಗಳು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಈ ಕಲ್ಲುಗಳನ್ನು ನಿಧಾನಕ್ಕೆ ಕರಗಿಸುತ್ತದೆ. ಕರಗಿದ ನೀರಿನಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಕಾರ್ಬೊನೇಟ್ ಎಲ್ಲ ಇರುತ್ತವೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದು ಕ್ಯಾಲ್ಸಿಯಂ. ಅದು ಬೇಗ ತಳಕ್ಕೆ ಕೂರುತ್ತದೆ. ಈ ಕಣಿವೆಯಲ್ಲೂ ಹಾಗೇ, ಕ್ಯಾಲ್ಸಿಯಂ ದಾರಿಯಲ್ಲೇ ಸುಣ್ಣವಾಗಿ ಉಳಿದುಬಿಡುತ್ತದೆ. ಸೋಡಿಯಂ ಮತ್ತು ಮಿಕ್ಕ ಕಾರ್ಬೊನೇಟ್ ಮುಂದೆ ಬಂದು ಸರೋವರ ಸೇರುತ್ತವೆ. ಸಾವಿರಾರು ವರ್ಷ ಹೀಗೇ ಬಂದು, ಆವಿಯಾಗಿ, ಬಂದು, ಆವಿಯಾಗಿ, ನೀರಿನ ಪಿಹೆಚ್, ಅಂದರೆ ನೀರು ಎಷ್ಟು ಕ್ಷಾರ ಅಂತ ತೋರಿಸುವ ಅಳತೆ, 10.5 ದಾಟಿದೆ. ಸಮುದ್ರದ ನೀರಿನ ಪಿಹೆಚ್ ಸುಮಾರು 8. ಪಿಹೆಚ್‌ನಲ್ಲಿ ಒಂದು ಅಂಕ ಏರಿದರೆ ಕ್ಷಾರ ಹತ್ತು ಪಟ್ಟು ಏರಿದಂತೆ. ಹಾಗಾಗಿ ವ್ಯತ್ಯಾಸ ನೂರಾರು ಪಟ್ಟು.

ನಮ್ಮ ಕಡೆಯಲ್ಲೂ ಇಂಥ ನೀರು ಇಲ್ಲ ಅಂತ ಅಲ್ಲ. ಮಹಾರಾಷ್ಟ್ರದ ಲೋಣಾರ್ ಸರೋವರ ದಖ್ಖನ್ನಿನ ಕರಿಕಲ್ಲಿನ ಮೇಲೆ ಉಲ್ಕೆ ಬಿದ್ದು ಆದದ್ದು. ಅದಕ್ಕೂ ಹೊರದಾರಿ ಇಲ್ಲ, ಅದೂ ಕ್ಷಾರದ ನೀರು. 2020ರ ಜೂನ್‌ನಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಬಣ್ಣ ತಂದದ್ದು ಉಪ್ಪನ್ನು ಇಷ್ಟಪಡುವ ಸೂಕ್ಷ್ಮಜೀವಿಗಳು, ಹ್ಯಾಲೋಆರ್ಕಿಯಾ ಅಂತ. ನೇಟ್ರಾನಿನ ಕೆಂಪಿಗೂ ಇದೇ ಗುಂಪಿನ ಜೀವಿಗಳು ಕಾರಣ. ಬೇಸಿಗೆಯಲ್ಲಿ ನೀರು ಇಳಿದು ಉಪ್ಪು ದಟ್ಟವಾದಷ್ಟೂ ಅವು ಹೆಚ್ಚುತ್ತವೆ, ಕೆಂಪು ಏರುತ್ತದೆ. ಚಿತ್ರದಲ್ಲಿ ಕಾಣುವ ಬಿಳಿ ಗೆರೆಗಳು ಸೋಡಾದ ಗಟ್ಟಿ ಪದರ ಒಣಗಿ ಬಿರುಕು ಬಿಟ್ಟು, ಬಿರುಕಿನ ಅಂಚು ಮೇಲೆದ್ದದ್ದು.

ಈಗ ದಕ್ಷಿಣದ ಬೆಟ್ಟಕ್ಕೆ ಬರುತ್ತೇನೆ. ಇದರ ಬಗ್ಗೆ ಮಾತಾಡದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಓಲ್ ಡೋನ್ಯೊ ಲೆಂಗಾಯ್ 2,962 ಮೀಟರ್ ಎತ್ತರ. ಮಾಸಾಯಿ ಜನರಿಗೆ ಇದು ದೇವರ ಬೆಟ್ಟ. ಮಳೆ ಬಾರದಿದ್ದಾಗ, ಮಕ್ಕಳಾಗದಿದ್ದಾಗ ಇದರ ಕಡೆಗೆ ಮುಖ ಮಾಡಿ ಪ್ರಾರ್ಥಿಸುತ್ತಾರೆ. ಭೂವಿಜ್ಞಾನಿಗಳಿಗೂ ಇದರಂಥ ಬೆಟ್ಟ ಇನ್ನೊಂದಿಲ್ಲ. ಬೇರೆ ಜ್ವಾಲಾಮುಖಿಗಳು ಸಿಲಿಕಾ ಇರುವ ಲಾವಾ ಉಗುಳುತ್ತವೆ, ಅದರ ಬಿಸಿ 1,100 ಡಿಗ್ರಿ ಆಸುಪಾಸು. ಲೆಂಗಾಯ್ ಉಗುಳುವುದು ಸೋಡಿಯಂ ಕಾರ್ಬೊನೇಟ್ ತುಂಬಿದ ಲಾವಾ. ಈಗ ಭೂಮಿಯ ಮೇಲೆ ಇಂಥ ಲಾವಾ ಉಗುಳುವ ಜ್ವಾಲಾಮುಖಿ ಇದೊಂದೇ. ಬಿಸಿ 500ರಿಂದ 600 ಡಿಗ್ರಿ ಮಾತ್ರ. ಹಗಲಲ್ಲಿ ನೋಡಿದರೆ ಹೊಳಪೇ ಇಲ್ಲ, ಕಪ್ಪು ದ್ರವ ಸರಸರ ಹರಿದು ಹೋಗುತ್ತದೆ. ರಾತ್ರಿ ಮಾತ್ರ ಮಂಕಾದ ಕೆಂಪು ಕಾಣುತ್ತದೆ. ಹರಿದು ನಿಂತ ಮೇಲೆ ನೋಡುವುದು ಇನ್ನೂ ಚೆಂದ. ಗಾಳಿಯ ತೇವ ತಗುಲಿದ ಕೂಡಲೇ ಕಪ್ಪು ಲಾವಾ ಬೂದು ಬಣ್ಣಕ್ಕೆ ತಿರುಗಿ, ಕೆಲವು ದಿನಗಳಲ್ಲಿ ಬೆಳ್ಳಗಾಗಿಬಿಡುತ್ತದೆ. ಬೆಟ್ಟದ ತುದಿಯ ಬಿಳುಪು ಕೆಳಗಿನಿಂದ ನೋಡಿದವರಿಗೆ ಹಿಮದಂತೆ ಕಾಣುವುದು ಇದಕ್ಕೇ. ಈ ಲಾವಾದಲ್ಲಿ ಸಿಗುವ ಎರಡು ಖನಿಜಗಳಲ್ಲಿ ಒಂದಕ್ಕೆ ಗ್ರೆಗರಿಯವರ ಹೆಸರು, ಇನ್ನೊಂದಕ್ಕೆ ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆಯವರ ಹೆಸರು ಇಟ್ಟಿದ್ದಾರೆ. 2007ರ ಜುಲೈನಲ್ಲಿ ಗೆಲಾಯ್ ಸುತ್ತ ಭೂಕಂಪಗಳ ಸರಣಿಯೇ ಬಂತು. ಸೆಪ್ಟೆಂಬರ್‌ನಲ್ಲಿ ಲೆಂಗಾಯ್ ಸ್ಫೋಟಿಸಿ ಬೂದಿಯನ್ನು ಆಕಾಶಕ್ಕೆ ಚಿಮ್ಮಿಸಿತು. ಸೀಳು ಇನ್ನೂ ನಿಂತಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸರೋವರದ ಸೋಡಾ ಎಲ್ಲ ಲೆಂಗಾಯ್‌ನಿಂದಲೇ ಬಂದದ್ದು ಅಂತ ಹಲವು ಕಡೆ ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಅದರ ಬೂದಿಯ ಪಾಲು ಇದೆ. ಆದರೆ ಲೆಂಗಾಯ್ ಭೂಮಿಯ ಲೆಕ್ಕದಲ್ಲಿ ಚಿಕ್ಕ ವಯಸ್ಸಿನ ಬೆಟ್ಟ. ಇಡೀ ಕಣಿವೆಯ ಕಲ್ಲು, ಬುಗ್ಗೆ, ನದಿ ಎಲ್ಲ ಸೇರಿ ಬಹಳ ಕಾಲದಿಂದ ಈ ಕೆಲಸ ಮಾಡಿವೆ.

ಒಂದು ಕಾಲಕ್ಕೆ ಇಲ್ಲಿ ಇಷ್ಟೊಂದು ಉಪ್ಪು ಇರಲಿಲ್ಲ. ಸುಮಾರು ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಮಳೆ ಜಾಸ್ತಿ ಇತ್ತು. ಆಗ ನೇಟ್ರಾನ್ ಮತ್ತು ಮಾಗಡಿ ಸೇರಿ ಒಂದೇ ದೊಡ್ಡ ಸರೋವರವಾಗಿತ್ತು. ಈಗಿನ ನೀರಿನ ಮಟ್ಟಕ್ಕಿಂತ ಹತ್ತಾರು ಮೀಟರ್ ಮೇಲೆ ಹಳೆಯ ದಡದ ಗುರುತುಗಳು ಈಗಲೂ ಉಳಿದಿವೆ. ಒಣಗುತ್ತಾ ಬಂದಂತೆ ಎರಡಾಯಿತು. ಅಂದಿನ ಮೀನುಗಳ ವಂಶ ಇವತ್ತಿಗೂ ಬಿಸಿ ಬುಗ್ಗೆಗಳ ಅಂಚಿನಲ್ಲಿ ಬದುಕಿದೆ. ಅಲ್ಕೊಲಾಪಿಯಾ ಅಂತ, ತಿಲಾಪಿಯಾ ಜಾತಿಯ ಪುಟ್ಟ ಮೀನು. ಮಾಗಡಿಯಲ್ಲಿರುವ ಮೀನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಸಾಮಾನ್ಯವಾಗಿ ಮೀನುಗಳು ಮೈಯ ಕಶ್ಮಲವನ್ನು ಅಮೋನಿಯಾ ರೂಪದಲ್ಲಿ ಕಿವಿರಿನಿಂದ ಹೊರಹಾಕುತ್ತವೆ. ಇಷ್ಟು ಕ್ಷಾರದ ನೀರಿನಲ್ಲಿ ಅದು ಆಗುವುದಿಲ್ಲ. ಅದಕ್ಕೇ ಈ ಮೀನು ನಮ್ಮ ಹಾಗೆ ಯೂರಿಯಾ ಮಾಡಿ ಹೊರಹಾಕುತ್ತದೆ.

ಈಗ ಫ್ಲೆಮಿಂಗೊ.

ಪೂರ್ವ ಆಫ್ರಿಕಾದಲ್ಲಿ 15ರಿಂದ 25 ಲಕ್ಷ ಲೆಸ್ಸರ್ ಫ್ಲೆಮಿಂಗೊಗಳಿವೆ ಅಂತ ಅಂದಾಜು. ತಿನ್ನುವುದು ಮುಖ್ಯವಾಗಿ ಸ್ಪಿರುಲಿನಾ, ಕ್ಷಾರದ ನೀರಿನಲ್ಲಿ ದಟ್ಟವಾಗಿ ಬೆಳೆಯುವ ಹಸಿರು ಸೂಕ್ಷ್ಮಜೀವಿ. ತಲೆಯನ್ನು ಬುಡಮೇಲು ಮಾಡಿ, ಕೊಕ್ಕನ್ನು ನೀರಿನ ಮೇಲ್ಪದರದಲ್ಲಿ ಆಡಿಸಿ, ಕೊಕ್ಕಿನೊಳಗಿನ ಜಾಲರಿಯಿಂದ ಸೋಸಿ ತಿನ್ನುತ್ತವೆ. ಮೈಯ ಗುಲಾಬಿ ಬಣ್ಣ ಈ ಊಟದಿಂದಲೇ. ಊಟಕ್ಕೆ ಅವು ನಕುರು, ಬೊಗೋರಿಯಾ, ಮನ್ಯಾರಾ ಅಂತ ರಾತ್ರಿಯ ಹೊತ್ತು ಹಾರಿ ಊರೂರು ಸುತ್ತುತ್ತವೆ. ಆದರೆ ಪೂರ್ವ ಆಫ್ರಿಕಾದಲ್ಲಿ ಅವು ನಿಯಮಿತವಾಗಿ ಮೊಟ್ಟೆ ಇಡುವುದು ನೇಟ್ರಾನಿನಲ್ಲಿ ಮಾತ್ರ.

ಬಹಳ ವರ್ಷ ಇದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಲಕ್ಷಾಂತರ ಹಕ್ಕಿಗಳು ಕಣ್ಣೆದುರಿಗಿವೆ, ಗೂಡು ಮಾತ್ರ ಎಲ್ಲೂ ಇಲ್ಲ! 1954ರಲ್ಲಿ ಲೆಸ್ಲಿ ಬ್ರೌನ್ ಎಂಬ ಪಕ್ಷಿತಜ್ಞರು ಸಣ್ಣ ವಿಮಾನದಲ್ಲಿ ನೇಟ್ರಾನಿನ ಮೇಲೆ ಹಾರಿ ಗೂಡುಗಳ ದೊಡ್ಡ ಬಯಲನ್ನೇ ಕಂಡರು. ಹತ್ತಿರದಿಂದ ನೋಡಬೇಕು ಅಂತ ದಡದಿಂದ ನಡೆದು ಹೊರಟರು. ಮೇಲೆ ತೆಳು ಸೋಡಾ ಪದರ, ಕೆಳಗೆ ಸುಡುವ ಕೆಸರು. ಪ್ರತಿ ಹೆಜ್ಜೆಗೂ ಪದರ ಒಡೆದು ಕಾಲು ಹೂತುಹೋಗುತ್ತಿತ್ತು. ಗೂಡುಗಳವರೆಗೆ ತಲುಪಲು ಆಗಲೇ ಇಲ್ಲ. ವಾಪಸು ಬರುವಷ್ಟರಲ್ಲಿ ಕಾಲುಗಳು ಸುಟ್ಟು ಬೊಬ್ಬೆ ಎದ್ದಿದ್ದವು. ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಚರ್ಮ ಕಸಿ ಮಾಡಿಸಿಕೊಳ್ಳಬೇಕಾಯಿತು. ಕತ್ತೆಕಿರುಬ, ನರಿಗಳು ಯಾಕೆ ಅಲ್ಲಿಗೆ ಹೋಗುವುದಿಲ್ಲ ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಗೂಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚೌಳು ಕೆಸರನ್ನು ಕೊಕ್ಕಿನಿಂದ ಎಳೆದು ಎಳೆದು ಗುಡ್ಡೆ ಮಾಡುತ್ತವೆ. ಎತ್ತರ ಒಂದು ಅಡಿಯ ಆಸುಪಾಸು, ತುದಿಯಲ್ಲಿ ಸಣ್ಣ ಗುಳಿ. ಅದರಲ್ಲಿ ಒಂದೇ ಒಂದು ಮೊಟ್ಟೆ. ಎತ್ತರ ಸುಮ್ನೆ ಅಲ್ಲ. ನೆಲಮಟ್ಟದ ಕೆಸರು ಸುಡುತ್ತಿರುವಾಗ ಗುಡ್ಡೆಯ ತುದಿ ತಂಪಾಗಿರುತ್ತದೆ, ನೀರು ಸ್ವಲ್ಪ ಏರಿದರೂ ಮೊಟ್ಟೆ ಮುಳುಗುವುದಿಲ್ಲ. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ. ಸುಮಾರು 28 ದಿನಕ್ಕೆ ಮರಿ. ಬೂದು ಬಣ್ಣ, ನೇರ ಕೊಕ್ಕು. ಕೆಲವೇ ದಿನಕ್ಕೆ ಗೂಡಿನಿಂದ ಇಳಿದು ಸಾವಿರಾರು ಮರಿಗಳು ಒಂದೇ ಹಿಂಡಾಗಿ ನಡೆಯುತ್ತವೆ, ಬೆರಳೆಣಿಕೆಯ ದೊಡ್ಡ ಹಕ್ಕಿಗಳ ಕಾವಲಿನಲ್ಲಿ. ಆ ಗದ್ದಲದಲ್ಲೂ ಅಪ್ಪ ಅಮ್ಮ ತಮ್ಮ ಮರಿಯನ್ನು ಕೂಗಿನಿಂದ ಗುರುತಿಸಿ ಅದಕ್ಕೆ ಮಾತ್ರ ಉಣಿಸುತ್ತವೆ.

ಇಷ್ಟೆಲ್ಲ ನಡೆಯಬೇಕಾದರೆ ನೀರು ಹದವಾಗಿರಬೇಕು. ನೀರು ಜಾಸ್ತಿಯಾದರೆ ಕೆಸರಿನ ಬಯಲು ಮುಳುಗುತ್ತದೆ, ಗೂಡು ಕಟ್ಟಲು ಜಾಗ ಇಲ್ಲ. ಕಮ್ಮಿಯಾದರೆ ಪದರ ಗಟ್ಟಿಯಾಗಿ ಕತ್ತೆಕಿರುಬ ನಡೆದು ಬರುತ್ತದೆ. ಎಲ್ಲ ವರ್ಷವೂ ಮರಿಗಳಾಗುವುದಿಲ್ಲ. ಹದ ಸಿಕ್ಕ ವರ್ಷ ಲಕ್ಷಗಟ್ಟಲೆ ಆಗುತ್ತವೆ.

ಹದ ತಪ್ಪಿದಾಗ ಏನಾಗುತ್ತದೆ ಅನ್ನುವುದಕ್ಕೆ 1962 ಸಾಕ್ಷಿ. ಅದರ ಹಿಂದಿನ ವರ್ಷದ ಕೊನೆಗೆ ಪೂರ್ವ ಆಫ್ರಿಕಾದಲ್ಲಿ ಭಾರೀ ಮಳೆಯಾಗಿ ನೇಟ್ರಾನಿನ ಬಯಲು ಮುಳುಗಿತು. ಹಕ್ಕಿಗಳು ಪಕ್ಕದ ಮಾಗಡಿಗೆ ಹೋಗಿ ಗೂಡು ಕಟ್ಟಿದವು. ಅಲ್ಲಿನ ನೀರು ಇನ್ನೂ ದಟ್ಟ. ನೀರು ಇಳಿದಂತೆ ಮರಿಗಳ ಕಾಲಿನ ಸುತ್ತ ಸೋಡಾ ಹರಳುಗಟ್ಟಿ ಕಡಗದಂತೆ ಬೆಳೆಯಿತು. ಅದರ ಭಾರಕ್ಕೆ ಮರಿಗಳು ಹೆಜ್ಜೆ ಎತ್ತಲಾರದೆ ಬಿದ್ದು ಸಾಯತೊಡಗಿದವು. ಜನ ಸೇರಿ, ಮರಿಗಳನ್ನು ಒಂದೊಂದಾಗಿ ಹಿಡಿದು, ಕಾಲಿಗೆ ಪೆಟ್ಟಾಗದ ಹಾಗೆ ಕಡಗ ಒಡೆದು ಬಿಟ್ಟರು. ಸಾವಿರಾರು ಮರಿಗಳು ಹೀಗೆ ಉಳಿದವು. ಎಷ್ಟೋ ಮರಿಗಳನ್ನು ದಟ್ಟ ನೀರಿನ ಕಡೆ ಹೋಗದಂತೆ ಅಟ್ಟಿ ಉಳಿಸಿದರು.

ಮಾಗಡಿಯಲ್ಲಿ ಇನ್ನೊಂದು ಕಥೆ ಇದೆ, ಅದು ಭಾರತಕ್ಕೂ ಸೇರಿದ್ದು. ಅಲ್ಲಿ ಟ್ರೋನಾ ಹತ್ತಾರು ಮೀಟರ್ ದಪ್ಪಕ್ಕೆ ಗಟ್ಟಿಯಾಗಿ ನಿಂತಿದೆ. 1911ರಲ್ಲಿ ಮಾಗಡಿ ಸೋಡಾ ಕಂಪನಿ ಶುರುವಾಯಿತು. ಟ್ರೋನಾ ಅಗೆದು, ಸುಟ್ಟು, ಸೋಡಾ ಆ್ಯಶ್ ಮಾಡಿ ರೈಲಿನಲ್ಲಿ ಮೊಂಬಾಸಾ ಬಂದರಿಗೆ ಕಳಿಸುತ್ತಾರೆ. ಗಾಜು, ಸೋಪಿನ ಪುಡಿ ಮಾಡಲು ಇದು ಬೇಕೇ ಬೇಕು. 2005ರಲ್ಲಿ ನಮ್ಮ ಟಾಟಾ ಕೆಮಿಕಲ್ಸ್, ಬ್ರಿಟನ್ನಿನ ಬ್ರನರ್ ಮಾಂಡ್ ಕಂಪನಿಯನ್ನು ಕೊಂಡಾಗ ಮಾಗಡಿಯೂ ಅದರ ಜೊತೆ ಬಂತು. ಆಮೇಲೆ ಟಾಂಜಾನಿಯಾ ಸರ್ಕಾರದ ಸಂಸ್ಥೆಯ ಜೊತೆ ಸೇರಿ ನೇಟ್ರಾನಿನಲ್ಲೂ ವರ್ಷಕ್ಕೆ 5 ಲಕ್ಷ ಟನ್ ಸೋಡಾ ಆ್ಯಶ್ ತೆಗೆಯುವ ಯೋಜನೆ ಹಾಕಿದರು. ದಡದಲ್ಲಿ ಕಾರ್ಖಾನೆ, ನೀರು ಎಳೆಯುವ ಪೈಪುಗಳು, ರಸ್ತೆ, ಕೆಲಸಗಾರರ ವಸತಿ. ನೇಟ್ರಾನ್ 2001ರಲ್ಲೇ ರಾಮ್ಸರ್ ಪಟ್ಟಿಗೆ, ಅಂದರೆ ಕಾಪಾಡಬೇಕಾದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿತ್ತು. ಹಕ್ಕಿಗಳ ರಕ್ಷಣೆಗೆ ದುಡಿಯುವ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಮತ್ತು ಪೂರ್ವ ಆಫ್ರಿಕಾದ ಹಲವು ಸಂಘಟನೆಗಳು ಗಟ್ಟಿಯಾಗಿ ವಿರೋಧಿಸಿದವು. 2008ರಲ್ಲಿ ಟಾಟಾ ಹಿಂದೆ ಸರಿಯಿತು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ತೀರ್ಮಾನ. ಟಾಂಜಾನಿಯಾಕ್ಕೆ ಉದ್ಯೋಗ ಬೇಡವೇ ಅಂತ ಕೇಳುವವರ ಪ್ರಶ್ನೆಯಲ್ಲೂ ನ್ಯಾಯ ಇದೆ. ಆದರೆ ಸೋಡಾ ಬೇರೆ ಕಡೆಯೂ ಸಿಗುತ್ತದೆ. ದಕ್ಷಿಣಕ್ಕೆ ಎಂಗಾರುಕಾದ ನೆಲದಡಿಯಲ್ಲಿ ದೊಡ್ಡ ನಿಕ್ಷೇಪ ಸಿಕ್ಕ ಮೇಲೆ ಸರ್ಕಾರದ ಗಮನವೂ ಆ ಕಡೆ ತಿರುಗಿದೆ. ಫ್ಲೆಮಿಂಗೊ ಮರಿಗಳಿಗೆ ಅಂಥ ಇನ್ನೊಂದು ಜಾಗ ಸಿಗುವುದಿಲ್ಲ.

ಇಲ್ಲಿ ಜನರೇ ಇಲ್ಲ ಅಂದುಕೊಳ್ಳಬೇಡಿ. ದಡದ ಹಳ್ಳಿಗಳಲ್ಲಿ ಮಾಸಾಯಿಗಳು ದನ, ಆಡು ಮೇಯಿಸುತ್ತಾರೆ. ಪಶ್ಚಿಮದ ಗೋಡೆಯ ಮೇಲೆ ಸೊಂಜೊ ಜನ ತಲೆತಲಾಂತರದಿಂದ ಕಾಲುವೆ ತೋಡಿ, ನೀರಿನ ಸರದಿ ಹಂಚಿಕೊಂಡು ಬೇಸಾಯ ಮಾಡುತ್ತಾ ಬಂದಿದ್ದಾರೆ. ಎಂಗಾರುಕಾದಲ್ಲಿ ಕಲ್ಲು ಜೋಡಿಸಿ ಕಟ್ಟಿದ ಹಳೆಯ ಹೊಲಗಳ, ಕಾಲುವೆಗಳ ಪಾಳು ಇದೆ. ಕೆಲವು ನೂರು ವರ್ಷಗಳ ಹಿಂದೆ ಯಾರೋ ಬಿಟ್ಟು ಹೋದದ್ದು. ದಡದ ಸೋಡಾ ಹರಳುಗಳನ್ನು ಜನ ಸಂತೆಯಲ್ಲಿ ಮಾರುತ್ತಾರೆ. ಕಾಳು ಬೇಗ ಬೇಯಲಿ ಅಂತ ಅಡುಗೆಗೆ ಹಾಕುತ್ತಾರೆ.

ಜನರ ನಂಟು ಇನ್ನೂ ಹಳೆಯದು. 1964ರಲ್ಲಿ ಪೆನಿಂಜ್ ಹೊಳೆಯ ಹತ್ತಿರ ಕಮೋಯಾ ಕಿಮೇಯು ಅವರಿಗೆ ಒಂದು ದವಡೆ ಸಿಕ್ಕಿತು. ಅದು ಸುಮಾರು 15 ಲಕ್ಷ ವರ್ಷ ಹಿಂದಿನ, ಮನುಷ್ಯರ ದೂರದ ನೆಂಟರದು. ಎಂಗಾರೆ ಸೆರೊ ಹಳ್ಳಿಯ ಹತ್ತಿರ 400ಕ್ಕೂ ಹೆಚ್ಚು ಮನುಷ್ಯರ ಹೆಜ್ಜೆಗುರುತುಗಳಿವೆ. ಲೆಂಗಾಯ್‌ನ ಬೂದಿ ಬೆರೆತ ಕೆಸರು ಹಸಿಯಾಗಿದ್ದಾಗ ಯಾರೋ ನಡೆದು ಹೋಗಿದ್ದಾರೆ. ಕೆಸರು ಒಣಗಿ ಗಟ್ಟಿಯಾಗಿದೆ. ಕಾಲ 5,000 ಮತ್ತು 19,000 ವರ್ಷಗಳ ನಡುವೆ. ಒಂದು ಗುಂಪಿನಲ್ಲಿ 17 ಜನ ಒಂದೇ ದಿಕ್ಕಿಗೆ ಹೋಗಿದ್ದಾರೆ. ಹೆಜ್ಜೆಯ ಅಳತೆಯಿಂದ ಲೆಕ್ಕ ಹಾಕಿದವರ ಪ್ರಕಾರ ಅವರಲ್ಲಿ 14 ಮಂದಿ ಹೆಂಗಸರು. ಗೆಡ್ಡೆಗೆಣಸು, ಹಣ್ಣು ಹುಡುಕಲು ಹೊರಟವರಿರಬಹುದು. ಹೆಬ್ಬೆರಳು ಕೆಸರಿಗೆ ಒತ್ತಿದ ಗುರುತು ಕೂಡ ಕಾಣುತ್ತದೆ.

ಮತ್ತೆ ನೀರಿನ ಮಾತು. ಕೀನ್ಯಾ ಮತ್ತು ಟಾಂಜಾನಿಯಾದ ಗಡಿ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ. ಬ್ರಿಟಿಷರೂ ಜರ್ಮನ್ನರೂ 1886ರಲ್ಲಿ ಮಾಡಿಕೊಂಡ ಒಪ್ಪಂದದ ಗೆರೆ. ಬೆಟ್ಟ ನೋಡಲಿಲ್ಲ, ನದಿ ನೋಡಲಿಲ್ಲ. ಹಾಗಾಗಿ ಸರೋವರ ಟಾಂಜಾನಿಯಾದಲ್ಲಿ, ಅದಕ್ಕೆ ನೀರು ಕೊಡುವ ಕಾಡು ಕೀನ್ಯಾದಲ್ಲಿ. ಮಾವ್ ಕಾಡು ಕೆಲವು ದಶಕಗಳಿಂದ ಕರಗುತ್ತಿದೆ. ಹೊಲ, ಚಹಾ ತೋಟ, ಕಟ್ಟಿಗೆ, ಇದ್ದಿಲು ಎಲ್ಲಕ್ಕೂ ಕಾಡು ಕಡಿದಿದ್ದಾರೆ. ಕಾಡು ಹೋದಲ್ಲಿ ಮಳೆನೀರು ನೆಲಕ್ಕೆ ಇಳಿಯದೆ ಮಣ್ಣನ್ನು ಹೊತ್ತು ಓಡುತ್ತದೆ. ಮಳೆಗಾಲದಲ್ಲಿ ಪ್ರವಾಹ ಜಾಸ್ತಿ, ಬೇಸಿಗೆಯಲ್ಲಿ ಹರಿವು ಕಮ್ಮಿ. ಎವಾಸೊ ಎನ್‌ಗಿರೊಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆಯೂ ದಶಕಗಳಿಂದ ಚರ್ಚೆಯಲ್ಲಿದೆ. ಶೊಂಪೋಲೆಯ ಜೌಗು ಹೂಳನ್ನು ಒಂದಿಷ್ಟು ತಡೆದು ಕಾಪಾಡುತ್ತಿದೆ, ಆದರೆ ಎಷ್ಟು ಅಂತ ತಡೆದೀತು? 2010ರ ನಂತರ ಕೀನ್ಯಾದ ಕಣಿವೆಯ ಸರೋವರಗಳು ಏರುತ್ತಾ ಹೋಗಿ ನಕುರುವಿನ ದಡದ ರಸ್ತೆಗಳು, ಕಟ್ಟಡಗಳು ಮುಳುಗಿವೆ. ನೀರು ತೆಳುವಾದಂತೆ ಸ್ಪಿರುಲಿನಾ ಕಮ್ಮಿಯಾಗಿ ಅಲ್ಲಿ ಗುಲಾಬಿ ಹಿಂಡುಗಳು ಮೊದಲಿನಷ್ಟು ಕಾಣುತ್ತಿಲ್ಲ. ರಾಮ್ಸರ್ ಪಟ್ಟಿ, ದಡದ ಕಾವಲು ಎಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನೇಟ್ರಾನನ್ನು ಉಳಿಸುವ ಕೆಲಸ ನಿಜವಾಗಿ ಶುರುವಾಗಬೇಕಾದದ್ದು ಮಾವ್ ಕಾಡಿನಲ್ಲಿ, ಇನ್ನೊಂದು ದೇಶದಲ್ಲಿ. ಎರಡು ಸರ್ಕಾರಗಳು ಒಂದೇ ನೀರಿನ ಲೆಕ್ಕ ಇಟ್ಟುಕೊಂಡು ಕೂರದಿದ್ದರೆ ಇದು ಆಗುವುದಿಲ್ಲ.

ಇಲ್ಲಿಗೆ ಮಾತು ನಿಲ್ಲಿಸಿ ಪ್ರಶ್ನೆಗಳಿಗೆ ಬಿಟ್ಟುಕೊಟ್ಟೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಆ ನೀರಿಗೆ ನಾವು ಇಳಿಯಬಹುದೇ?

ಬುಗ್ಗೆಗಳ, ಹೊಳೆಗಳ ನೀರು ಸೇರುವ ಅಂಚಿನಲ್ಲಿ ಕ್ಷಾರ ಕಮ್ಮಿ ಇರುತ್ತದೆ, ಜನ ಓಡಾಡುತ್ತಾರೆ, ದನಗಳೂ ಬರುತ್ತವೆ. ನಡುವಿನ ದಟ್ಟ ನೀರು ಚರ್ಮವನ್ನು, ಕಣ್ಣನ್ನು ಸುಡುತ್ತದೆ. ಗಾಯ ಇದ್ದರಂತೂ ಬೇಡವೇ ಬೇಡ. ಸ್ನಾನ ಮಾಡುವ ಆಸೆ ಇದ್ದವರು ಎಂಗಾರೆ ಸೆರೊ ಹೊಳೆಯ ಜಲಪಾತಕ್ಕೆ ಹೋಗುತ್ತಾರೆ, ಅಲ್ಲಿ ಸಿಹಿನೀರು.

ಅಲ್ಲಿಗೆ ಹೋಗುವುದು ಹೇಗೆ, ಮೇಷ್ಟ್ರೇ, ಅಂತ ಇನ್ನೊಬ್ಬರು.

ಟಾಂಜಾನಿಯಾದ ಅರುಷಾ ನಗರದಿಂದ ಮ್ಟೊ ವಾ ಮ್ಬು ಅನ್ನುವ ಊರಿಗೆ, ಅಲ್ಲಿಂದ ಉತ್ತರಕ್ಕೆ ಎಂಗಾರುಕಾ ಮೇಲೆ ಹಾಯ್ದು ಎಂಗಾರೆ ಸೆರೊಗೆ. ಸ್ಥಳೀಯ ಮಾಸಾಯಿ ಮಾರ್ಗದರ್ಶಿಗಳು ಸಿಗುತ್ತಾರೆ. ಲೆಂಗಾಯ್ ಹತ್ತುವವರು ಬಿಸಿಲು ತಪ್ಪಿಸಲು ನಡುರಾತ್ರಿ ಹೊರಟು ಸೂರ್ಯ ಹುಟ್ಟುವ ಹೊತ್ತಿಗೆ ತುದಿ ಸೇರುತ್ತಾರೆ. ಗೂಡು ಕಟ್ಟುವ ಜಾಗ ದಡದಿಂದ ಕಾಣುವಷ್ಟು ಹತ್ತಿರ ಇರುವುದಿಲ್ಲ. ಡ್ರೋನ್ ಬೇಡ, ಹಕ್ಕಿಗಳು ಬೆದರಿ ಗೂಡು ಬಿಟ್ಟು ಏಳುತ್ತವೆ.

ಕಾಲೇಜು ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು: ಬೇರೆ ಎಲ್ಲಾದರೂ ನಾವೇ ಗೂಡಿನ ಜಾಗ ಮಾಡಿಕೊಟ್ಟರೆ ಆಗುವುದಿಲ್ಲವಾ ಸರ್?

ಅದನ್ನೂ ಮಾಡಿ ನೋಡಿದ್ದಾರಮ್ಮ. ನೇಟ್ರಾನ್ ಬಿಟ್ಟರೆ ಈ ಹಕ್ಕಿ ಮರಿ ಮಾಡುವ ಜಾಗಗಳು ಬೆರಳೆಣಿಕೆಯಷ್ಟು. ಬೋಟ್ಸ್‌ವಾನಾದ ಮಕ್ಗಡಿಕ್ಗಡಿ ಬಯಲು, ನಮೀಬಿಯಾದ ಎಟೋಶಾ, ನಮ್ಮ ಗುಜರಾತಿನ ಕಛ್ ರಣ್. ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಕ್ಯಾಂಫರ್ಸ್ ಡ್ಯಾಮ್ ಅಂತ ಒಂದು ಕೆರೆ ಇದೆ. 2006ರಲ್ಲಿ ಅದರೊಳಗೆ ಮಣ್ಣು ಹಾಕಿ ಒಂದು ದ್ವೀಪ ಮಾಡಿದರು. ಹಕ್ಕಿಗಳು ಒಪ್ಪಿಕೊಂಡು ಗೂಡು ಕಟ್ಟಿ, ಸಾವಿರಾರು ಮರಿಗಳಾದವು. ಆದರೆ ಆ ಕೆರೆಗೆ ಬರುವುದು ಊರಿನ ಕೊಳಚೆ ಸಂಸ್ಕರಣಾ ಘಟಕದ ನೀರು. ಕೆಲವು ವರ್ಷಕ್ಕೆ ನೀರು ಏರಿ ದ್ವೀಪ ಮುಳುಗಿತು. ಆಮೇಲೆ 2019ರ ಜನವರಿಯಲ್ಲಿ ಬರ ಮತ್ತು ನೀರಿನ ಕೊರತೆಯಿಂದ ಕೆರೆ ಒಣಗತೊಡಗಿ, ದೊಡ್ಡ ಹಕ್ಕಿಗಳು ಗೂಡು ಬಿಟ್ಟು ಹೋದವು. ಸಾವಿರಕ್ಕೂ ಹೆಚ್ಚು ಮರಿಗಳನ್ನು ಎತ್ತಿಕೊಂಡು, ಕೆಲವನ್ನು ವಿಮಾನದಲ್ಲಿ ಬೇರೆ ಊರುಗಳಿಗೆ ಕಳಿಸಿ, ಹೊತ್ತು ಹೊತ್ತಿಗೆ ಕೈಯಾರೆ ಉಣಿಸಿ ಸಾಕಿದರು. ಬದುಕಿ ಉಳಿದವುಗಳಲ್ಲಿ ಹಲವನ್ನು ಆಮೇಲೆ ಕಿಂಬರ್ಲಿಗೆ ವಾಪಸು ತಂದು ಹಿಂಡಿಗೆ ಬಿಟ್ಟರು.